ಸಿಂಗಪುರದ ಅಣ್ಣನ ಕಾಗದಗಳು



ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಒಂದು ಲೇಖನವನ್ನು ಬರೆದುಕೊಡುವುದು ವಾಡಿಕೆ. ಪರೀಕ್ಷೆಗಳ ಫಲಿತಾಂಶ, ಕಟ್ಟಡದ ಲೆಕ್ಕ, ದಾನಿಗಳ ಹೆಸರು ಇವುಗಳನ್ನೆಲ್ಲ ವಾರ್ಷಿಕ ವರದಿಯಲ್ಲಿ ಬೇರೆಯಾಗಿ ಒಪ್ಪಿಸಿದ್ದೇವೆ. ಈ ಸಾರಿ ನಮ್ಮ ಮನೆತನದಿಂದ ದಂಡಿಗೆ ಹೋಗಿ ಹಿಂದಿರುಗದೆ ಹೋದವರೊಬ್ಬರ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿಕೊಂಡರು. ಒಪ್ಪಿಕೊಳ್ಳಲು ನಾವು ಬಹಳ ದಿನ ಹಿಂಜರಿದೆವು. ಆತನ ಸಂಗತಿಯನ್ನು ಹೇಳಬೇಕಾದರೆ ನಮ್ಮ ಅಜ್ಜಿಯವರ ತಪ್ಪೊಂದನ್ನೂ ನಮ್ಮ ತಪ್ಪೊಂದನ್ನೂ ಹೇಳದೆ ತೀರದು. ಆದರೆ ಅಜ್ಜಿಯವರು ೨೦೧೪ನೆಯ ಇಸವಿಯಲ್ಲಿ ತೀರಿಕೊಳ್ಳುವುದಕ್ಕೆ ಮೊದಲು, "ಹೇಳುವುದಾದರೆ ಬಿಡದೆ ಹೇಳು" ಎಂದು ನಮಗೆ ಅಪ್ಪಣೆ ಕೊಟ್ಟಿದ್ದರು. ಆ ಅಪ್ಪಣೆಯ ಬಲದಿಂದ ಬರೆಯುತ್ತೇವೆ.

ಆತನನ್ನು ನಮ್ಮ ಮನೆಯಲ್ಲಿ ಎಲ್ಲರೂ "ಸಿಂಗಪುರದ ಅಣ್ಣ" ಎಂದೇ ಕರೆಯುತ್ತಿದ್ದರು. ಆತನು ನಮ್ಮ ಅಜ್ಜಿಗೆ, ಎಂದರೆ ನಮ್ಮ ತಾಯಿಯ ತಾಯಿಗೆ, ಒಡಹುಟ್ಟಿದ ಅಣ್ಣ. ನಮ್ಮ ತಾಯಿಗೆ ಸೋದರಮಾವನಾಗಬೇಕು, ನಮಗೆ ಅಜ್ಜನಾಗಬೇಕು. ಆದರೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮಡಿದವನಿಗೆ ಮಾವನಾಗುವುದಕ್ಕಾಗಲಿ ಅಜ್ಜನಾಗುವುದಕ್ಕಾಗಲಿ ಕಾಲವೇ ದೊರೆಯಲಿಲ್ಲ. ಮೂರು ತಲೆಮಾರಿನವರಿಗೂ ಆತನು ಅಣ್ಣನಾಗಿಯೇ ಉಳಿದನು. ನಮಗೆ ಈಗ ಆತನ ಆಯುಸ್ಸಿನ ಹೆಚ್ಚುಕಡಮೆ ಎರಡರಷ್ಟು ವಯಸ್ಸಾಗಿದೆ. ಗೋಡೆಯ ಮೇಲಿನ ಪಟವನ್ನು ನೋಡಿದಾಗ ಹಿರಿಯರೊಬ್ಬರನ್ನು ನೋಡಿದಂತಾಗದೆ, ನಮ್ಮ ವಿದ್ಯಾರ್ಥಿನಿಯೊಬ್ಬಳನ್ನು ಶನಿವಾರ ಸಂಜೆ ಹಾಸ್ಟೆಲಿನಿಂದ ಮನೆಗೆ ಕರೆದುಕೊಂಡು ಹೋಗಲು ಬಂದು ಬಾಗಿಲಲ್ಲಿ ನಿಂತಿರುವ ಹುಡುಗನನ್ನು ನೋಡಿದಂತಾಗುತ್ತದೆ.

ಈಗಿನ ಮಕ್ಕಳಿಗೆ ಮರಳೂರು ಎಂದರೆ ತುಮಕೂರು ನಗರದ ಒಂದು ಬಡಾವಣೆ. ಆ ಕಾಲದಲ್ಲಿ ಅದು ಪೇಟೆಯ ಹೊರಗಿನ ಹಳ್ಳಿ. ಒಂದು ಕೆರೆ, ಕೆರೆಯ ಕೆಳಗೆ ಗದ್ದೆ, ಆಚೆಗೆ ರಾಗಿಯ ಹೊಲಗಳು. ನಮ್ಮ ಮುತ್ತಜ್ಜನವರು ಕುಣಿಗಲ್ಲಿನ ಕುದುರೆಯ ಫಾರಮಿನಲ್ಲಿ ಲಾಯದ ಆಳಾಗಿದ್ದರು. ಟಿಪ್ಪೂ ಸುಲ್ತಾನನ ಕಾಲದಿಂದಲೂ ದಂಡಿನ ಕುದುರೆಗಳಿಗೆ ಹೆಸರಾದ ಸ್ಥಳವದು. ಮುತ್ತಜ್ಜನವರು ರಾತ್ರಿಯ ಹೊತ್ತು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೈಸೂರಿನ ರಾವುತರು ಸಮುದ್ರ ದಾಟಿ ಹೋಗಿ, ೧೯೧೮ನೆಯ ಸೆಪ್ಟೆಂಬರ್ ೨೩ರಂದು ಜೋಧಪುರದ ರಾವುತರೊಡನೆ ಸೇರಿ ಹೈಫಾ ಪಟ್ಟಣವನ್ನು ಗೆದ್ದ ವೃತ್ತಾಂತವನ್ನು ಹೇಳುತ್ತಿದ್ದರಂತೆ. ಫಿರಂಗಿಗಳ ಎದುರಿಗೆ ಈಟಿ ಹಿಡಿದು ಕುದುರೆ ಓಡಿಸಿದವರ ಕಥೆ ಅದು. ಕೇಳಿದ ಹುಡುಗನ ಮನಸ್ಸಿನಲ್ಲಿ ಕುದುರೆಯ ದಂಡಿನ ಆಸೆ ಮೊಳೆಯಿತು.

ಮುತ್ತಜ್ಜನವರು ಜ್ವರದಿಂದ ಬೇಗನೆ ತೀರಿಕೊಂಡರು. ಮುತ್ತಜ್ಜಿಯವರು ಮಗನನ್ನೂ ಅವನಿಗಿಂತ ಹನ್ನೊಂದು ವರ್ಷ ಚಿಕ್ಕವಳಾದ ಮಗಳನ್ನೂ ಕರೆದುಕೊಂಡು ಮರಳೂರಿನ ತವರಿಗೆ ಬಂದು, ತುಮಕೂರಿನಲ್ಲಿ ಮಿಷನ್ನಿನವರು ಹೆಣ್ಣುಮಕ್ಕಳಿಗಾಗಿ ನಡೆಸುತ್ತಿದ್ದ ಬೋರ್ಡಿಂಗಿನ ಅಡಿಗೆಮನೆಯಲ್ಲಿ ರಾಗಿ ಬೀಸುವ ಕೆಲಸಕ್ಕೆ ನಿಂತರು. ಬೋರ್ಡಿಂಗನ್ನು ನೋಡಿಕೊಳ್ಳುತ್ತಿದ್ದ ಮಿಸ್ಸಮ್ಮನವರು ಮಗಳ ಚುರುಕನ್ನು ಕಂಡು, ಅರ್ಧ ಖರ್ಚನ್ನು ತಾವು ವಹಿಸುವುದಾಗಿಯೂ ಉಳಿದ ಅರ್ಧವನ್ನು ಮನೆಯವರು ಕೊಡಬೇಕೆಂತಲೂ ಹೇಳಿ ಅವಳನ್ನು ಸೇರಿಸಿಕೊಂಡರು. ಅಣ್ಣನು ಲೋವರ್ ಸೆಕೆಂಡರಿ ಮುಗಿಸಿ ಪೇಟೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದನು. ಆ ಸಂಬಳದಲ್ಲಿ ಮನೆಯ ಊಟವೇ ಸಾಗದು. ಬೋರ್ಡಿಂಗಿನ ಖರ್ಚೆಲ್ಲಿಂದ ಬರಬೇಕು?

೧೯೩೯ನೆಯ ಸೆಪ್ಟೆಂಬರಿನಲ್ಲಿ ಯೂರೋಪಿನಲ್ಲಿ ಯುದ್ಧವು ಹತ್ತಿಕೊಂಡಿತು. ಮರುವರ್ಷದ ಆಗಸ್ಟ್ ೩ರಂದು ನಾಲ್ವಡಿ ಕೃಷ್ಣರಾಜ ಒಡೆಯರವರು ಕಾಲವಾದರು. ಸಂಸ್ಥಾನವೆಲ್ಲ ಶೋಕದಲ್ಲಿದ್ದ ಆ ದಿನಗಳಲ್ಲಿಯೇ ನಮ್ಮ ಅಣ್ಣನು ಬೆಂಗಳೂರಿಗೆ ಹೋಗಿ ಮೈಸೂರು ಸಂಸ್ಥಾನದ ದಂಡಿಗೆ ಸೇರಿದನು. ಕುದುರೆಯ ದಂಡನ್ನು ಬಯಸಿದ್ದವನಿಗೆ ದೊರೆತದ್ದು ಕಾಲ್ದಳ. ಮೊದಲನೆಯ ಸಂಬಳದಿಂದಲೇ ಮನೆಗೆ ಐದು ರೂಪಾಯಿಯ ಮನಿಯಾರ್ಡರು ಬಂದಿತು. ಅದರ ಕೂಪನ್ನಿನ ಮೇಲೆ "ತಂಗಿಯ ಫೀಜಿಗೆ" ಎಂದಷ್ಟೇ ಬರೆದಿತ್ತು.

ಪ್ರಿಯ ವಾಚಕರೇ, ಇಂಥ ಲೇಖನಗಳಲ್ಲಿ ಸಾಮಾನ್ಯವಾಗಿ ಈ ಸ್ಥಳದಲ್ಲಿ ಸ್ವದೇಶಾಭಿಮಾನದ ಮಾತುಗಳು ಬರುತ್ತವೆ. ನಮ್ಮ ಅಣ್ಣನು ದೇಶಾಭಿಮಾನದಿಂದ ಹೋದನೆಂದು ನಾವು ಬರೆಯಲಾರೆವು. ಆ ಯುದ್ಧಕ್ಕೆ ನಮ್ಮ ದೇಶವನ್ನು ಸೇರಿಸಿದವರು ನಮ್ಮ ಜನರನ್ನು ಕೇಳಿ ಸೇರಿಸಿರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಭಾರತದ ದಂಡಿನಲ್ಲಿ ೨೫ ಲಕ್ಷ ಜನರಿದ್ದರು. ಸುಮಾರು ೮೭,೦೦೦ ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಎಷ್ಟು ಮಂದಿ ಒಬ್ಬ ತಂಗಿಯ ಫೀಜಿಗೋ ಒಂದು ತುಂಡು ಹೊಲದ ಸಾಲಕ್ಕೋ ಹೋದವರೆಂಬುದನ್ನು ಎಣಿಸಿದವರಿಲ್ಲ. ಕೂಪನ್ನಿನ ಮೇಲೆ ಆತನು ಬರೆದದ್ದು ಎರಡೇ ಮಾತು. ಅದಕ್ಕೆ ಮೂರನೆಯದನ್ನು ಸೇರಿಸುವ ಅಧಿಕಾರ ನಮಗಿಲ್ಲ.

ಆತನಿಂದ ಒಟ್ಟು ಏಳು ಕಾಗದಗಳು ಬಂದವು. ಮುತ್ತಜ್ಜಿಯವರಿಗೆ ಅಕ್ಷರ ಬರುತ್ತಿರಲಿಲ್ಲ. ಮರಳೂರಿನಲ್ಲಿ ಓದಬಲ್ಲ ಗಂಡಸರು ಇಬ್ಬರು ಮೂವರಿದ್ದರೂ, ಮನೆಯ ಮಾತು ಮನೆಯಲ್ಲಿರಲಿ ಎಂದು ಅವರು ಕಾಗದವನ್ನು ಒಡೆಯದೆ ರಾಗಿಯ ಗುಡಾಣದ ಮೇಲಿಟ್ಟು, ತಿಂಗಳಿಗೊಮ್ಮೆ ಮಗಳು ಬೋರ್ಡಿಂಗಿನಿಂದ ಮನೆಗೆ ಬರುವ ಶನಿವಾರದ ತನಕ ಕಾಯುತ್ತಿದ್ದರು. ಬೋರ್ಡಿಂಗಿನಲ್ಲಿ ದಿನವೂ ಮಗಳನ್ನು ಕಾಣುತ್ತಿದ್ದರೂ ಕಾಗದವನ್ನು ಅಲ್ಲಿಗೆ ಒಯ್ಯುತ್ತಿರಲಿಲ್ಲ. ಶನಿವಾರ ದೀಪ ಹಚ್ಚಿದ ಮೇಲೆ ಕೈಕಾಲು ತೊಳೆದುಕೊಂಡು ಕುಳಿತು, "ಓದು" ಎನ್ನುತ್ತಿದ್ದರು. ಮಗಳು ಓದಿದಂತೆಲ್ಲ ಅವರು ತುಟಿಯಲ್ಲಿಯೇ ಆ ಮಾತುಗಳನ್ನು ಹಿಂದಿನಿಂದ ಹೇಳಿಕೊಳ್ಳುತ್ತಿದ್ದರು. ಹನ್ನೆರಡು ವರ್ಷದ ಹುಡುಗಿಗೆ ಅದರಿಂದ ಎಷ್ಟು ಹೆಮ್ಮೆಯಾಗುತ್ತಿತ್ತೆಂಬುದನ್ನು ಅಜ್ಜಿಯವರು ಎಂಬತ್ತು ದಾಟಿದ ಮೇಲೆಯೂ ಮರೆತಿರಲಿಲ್ಲ.

ಆ ಕಾಗದಗಳು ಈಗ ನಮ್ಮ ಬಳಿಯಲ್ಲಿವೆ. ಊರಿನ ಹೆಸರನ್ನು ಬರೆಯಲು ಅಪ್ಪಣೆಯಿರಲಿಲ್ಲವಾದ ಕಾರಣ ಕಡೆಯ ನಾಲ್ಕರಲ್ಲಿ ಸ್ಥಳದ ಹೆಸರೇ ಇಲ್ಲ. ಇಲ್ಲಿ ಸಂಜೆಯಾದರೆ ಮಳೆ. ಮರಗಳ ಮೈಯನ್ನು ಗೀರಿ, ಕೆಳಗೆ ಬಟ್ಟಲು ಕಟ್ಟಿ, ಹಾಲಿನಂಥ ರಸವನ್ನು ಹಿಡಿಯುತ್ತಾರೆ, ಅದೇ ರಬ್ಬರು. ತೆಂಗು ಉಂಟು, ಅನ್ನ ಉಂಟು, ಮುದ್ದೆಯೊಂದಿಲ್ಲ. ನಮ್ಮ ಕೆರೆ ಈ ಸಾರಿ ಕೋಡಿ ಬಿದ್ದಿತೆ. ತಂಗಿಗೆ ಇಂಗ್ಲಿಷಿನಲ್ಲಿ ಎಷ್ಟು ನಂಬರು ಬಂದಿತು. ಇಷ್ಟೇ ಸಂಗತಿಗಳು. ಯುದ್ಧದ ಮಾತು ಎಲ್ಲಿಯೂ ಇಲ್ಲ. ಏಳನೆಯ ಕಾಗದವು ೧೯೪೨ನೆಯ ಜನವರಿಯಲ್ಲಿ ಬಂದಿತು. ಅದನ್ನೂ ಆ ಹುಡುಗಿ ಎಂದಿನಂತೆ ದೀಪದ ಮುಂದೆ ಕುಳಿತು ಓದಿದಳು. ಅದರ ವಿಷಯವನ್ನು ಮುಂದೆ ಹೇಳುತ್ತೇವೆ.

ಆ ಹೊತ್ತಿಗೆ ಯುದ್ಧವು ಅಣ್ಣನಿದ್ದ ಕಡೆಗೆ ಬಂದುಬಿಟ್ಟಿತ್ತು. ೧೯೪೧ನೆಯ ಡಿಸೆಂಬರ್ ೮ರಂದು ಜಪಾನಿನ ದಂಡು ಮಲಯದ ಕೋಟಬಾರು ಎಂಬಲ್ಲಿ ಇಳಿಯಿತು. ಎರಡು ತಿಂಗಳೊಳಗೆ ಅವರು ಆ ನಾಡನ್ನೆಲ್ಲ ದಾಟಿ ಬಂದರು. ಜನವರಿ ೩೧ರಂದು ಬ್ರಿಟಿಷರ ಕಡೆಯ ಪಡೆಗಳು ಸಿಂಗಪುರ ದ್ವೀಪಕ್ಕೆ ಹಿಂದೆಗೆದು, ದಾಟಿಬಂದ ಸೇತುಬಂಧವನ್ನು ಹಿಂದಿನಿಂದ ಒಡೆದವು. ಮೈಸೂರಿನ ಕಾಲ್ದಳವು ಆ ದ್ವೀಪದಲ್ಲಿದ್ದಿತು. ಫೆಬ್ರವರಿ ೮ರ ರಾತ್ರಿ ಜಪಾನೀಯರು ಜಲಸಂಧಿಯನ್ನು ದಾಟಿದರು. ಫೆಬ್ರವರಿ ೧೫, ಭಾನುವಾರ ಸಂಜೆ, ಬುಕಿತ್ ತಿಮಾದ ಫೋರ್ಡ್ ಮೋಟಾರು ಕಾರ್ಖಾನೆಯಲ್ಲಿ ಜನರಲ್ ಪರ್ಸಿವಲ್ಲರು ಜನರಲ್ ಯಮಾಶಿತರಿಗೆ ಶರಣಾಗತಿಯ ಪತ್ರಕ್ಕೆ ರುಜು ಹಾಕಿಕೊಟ್ಟರು. ೮೦,೦೦೦ಕ್ಕೂ ಹೆಚ್ಚು ಸಿಪಾಯಿಗಳು ಒಂದೇ ದಿನ ಸೆರೆಯಾದರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ನಮ್ಮ ದೇಶದವರು. ಆ ಭಾನುವಾರ ಸಂಜೆಯೂ ಬೋರ್ಡಿಂಗಿನ ಹುಡುಗಿಯರು ಸಾಲಾಗಿ ದೇವಾಲಯಕ್ಕೆ ಹೋಗಿ ಬಂದರು. ತಮ್ಮಲ್ಲೊಬ್ಬಳ ಅಣ್ಣನಿಗೆ ಏನಾಗಿದೆಯೆಂಬುದು ಅಲ್ಲಿ ಯಾರಿಗೂ ತಿಳಿಯದು.

ಜೂನ್ ತಿಂಗಳಲ್ಲಿ ಸರ್ಕಾರದ ಲಕ್ಕೋಟೆಯೊಂದು ಮರಳೂರಿಗೆ ಬಂದಿತು. ಒಳಗಿನ ಕಾಗದವು ಇಂಗ್ಲಿಷಿನಲ್ಲಿತ್ತು. ಮುತ್ತಜ್ಜಿಯವರು ಅದನ್ನೂ ಗುಡಾಣದ ಮೇಲಿಟ್ಟು ಶನಿವಾರದ ತನಕ ಕಾದರು. ಹುಡುಗಿ ಅದನ್ನು ಬಿಡಿಸಿ ನೋಡಿದಳು. ಬಹುಪಾಲು ತಿಳಿಯಲಿಲ್ಲ, "ಮಿಸ್ಸಿಂಗ್" ಎಂಬ ಒಂದು ಶಬ್ದ ಮಾತ್ರ ತಿಳಿಯಿತು. ಅದನ್ನು ಅವಳು ಬೋರ್ಡಿಂಗಿನ ಬಟ್ಟೆಯ ಲೆಕ್ಕದ ಪುಸ್ತಕದಲ್ಲಿ ಕಂಡಿದ್ದಳು. ಅಗಸನಿಂದ ಹಿಂದಕ್ಕೆ ಬಾರದ ಬಟ್ಟೆಗೆ ಮೇಟ್ರನ್ನಮ್ಮನವರು "ಟವಲು ಒಂದು, ಮಿಸ್ಸಿಂಗ್" ಎಂದು ಬರೆಯುತ್ತಿದ್ದರು. ಎಷ್ಟೋ ಸಾರಿ ಮುಂದಿನ ವಾರ ಆ ಟವಲು ಬಂದುಬಿಡುತ್ತಿತ್ತು.

"ಏನಂತೆ?" ಎಂದು ತಾಯಿ ಕೇಳಿದರು.

"ಅಣ್ಣ ಬೇರೆ ಊರಿಗೆ ಹೋಗಿದ್ದಾನಂತೆ, ಅವ್ವಾ. ವಿಳಾಸ ತಿಳಿದ ಮೇಲೆ ಬರೆಯುತ್ತಾರಂತೆ."

ಅದು ಪೂರಾ ಸುಳ್ಳಲ್ಲವೆಂದು ಆ ಹೊತ್ತಿನಲ್ಲಿ ತನಗೆ ತೋರಿತೆಂದು ಅಜ್ಜಿಯವರು ಹೇಳುತ್ತಿದ್ದರು. ಆದರೆ ಒಂದು ಸಾರಿ ಹಾಗೆ ಓದಿದವರಿಗೆ ಎರಡನೆಯ ಸಾರಿ ಬೇರೆ ರೀತಿಯಲ್ಲಿ ಓದುವುದು ಹೇಗೆ? ತಾಯಿಯು ಆ ಕಾಗದವನ್ನು ಮತ್ತೆ ಮತ್ತೆ ಓದಿಸಿದರು. ಪ್ರತಿಸಾರಿಯೂ ಹುಡುಗಿ ಅದಕ್ಕೆ ಒಂದೊಂದು ಸಾಲನ್ನು ಹೊಸದಾಗಿ ಸೇರಿಸಿದಳು. ಆರೋಗ್ಯವಾಗಿದ್ದಾನಂತೆ, ಹಡಗು ಇಲ್ಲದುದರಿಂದ ಕಾಗದ ಬರುವುದಿಲ್ಲವಂತೆ, ಯುದ್ಧ ಮುಗಿದರೆ ರಜ ಕೊಡುತ್ತಾರಂತೆ. ಹೀಗೆ ನಾಲ್ಕು ವರ್ಷಗಳು ಕಳೆದವು.

೧೯೪೬ನೆಯ ಇಸವಿಯಲ್ಲಿ, ಸೆರೆಯಲ್ಲಿದ್ದವರು ಊರುಗಳಿಗೆ ಹಿಂದಿರುಗಿದ ತರುವಾಯ, ಎರಡನೆಯ ಲಕ್ಕೋಟೆ ಬಂದಿತು. ೧೯೪೨ನೆಯ ಫೆಬ್ರವರಿ ೧೩ರಂದು ಅಥವಾ ಅದರ ಸುಮಾರಿನಲ್ಲಿ, ಸಿಂಗಪುರದ ಕಾಳಗದಲ್ಲಿ ಮಡಿದನೆಂದು ನಿರ್ಣಯಿಸಲಾಗಿದೆ ಎಂಬುದು ಅದರ ಸಾರಾಂಶ. ಆಗ ಅಜ್ಜಿಯವರಿಗೆ ಹದಿನೇಳು ವರ್ಷ. ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು. ಉಪಾಧ್ಯಾಯಿನಿಯ ತರಬೇತಿಗೆ ಸೇರಿದ್ದರು. ಈ ಸಾರಿ ಅವರು ಕಾಗದವನ್ನು ಓದಲೇ ಇಲ್ಲ. "ಕಚೇರಿಯ ಲೆಕ್ಕದ ಕಾಗದ, ಅವ್ವಾ" ಎಂದು ಹೇಳಿ ಪೆಟ್ಟಿಗೆಯ ತಳಕ್ಕೆ ಸೇರಿಸಿದರು.

ಆದರೆ ಸತ್ತ ಸಿಪಾಯಿಯ ತಾಯಿಗೆ ಪಿಂಚಣಿಯುಂಟು. ಪಿಂಚಣಿಗೆ ಹೆಬ್ಬೆಟ್ಟಿನ ಗುರುತು ಬೇಕು. ಕೆಲವು ತಿಂಗಳ ಮೇಲೆ ಊರಿನ ತಳವಾರನ ಮೂಲಕ ಮುತ್ತಜ್ಜಿಯವರಿಗೆ ಕಚೇರಿಯಿಂದ ಕರೆ ಬಂದಿತು. ಮಗಳು ತರಬೇತಿಯ ಊರಿನಲ್ಲಿದ್ದುದರಿಂದ ಅವರು ಒಬ್ಬರೇ ಹೋದರು. ಅಲ್ಲಿ ಮೇಜಿನ ಆಚೆ ಕುಳಿತಿದ್ದವರು, ತಿಳಿದೇ ಇರುವ ಸಂಗತಿಯೆಂಬ ಭಾವದಿಂದ, "ನಾಲ್ಕು ವರ್ಷದ ಹಿಂದೆ ಸತ್ತುಹೋದ ನಿನ್ನ ಮಗನ ಹಣ, ಇಲ್ಲಿ ಒತ್ತು" ಎಂದರು. ಮುತ್ತಜ್ಜಿಯವರು ಒತ್ತಿದರು. ಹೆಬ್ಬೆಟ್ಟಿನ ಮಸಿಯನ್ನು ಒರಸಿಕೊಳ್ಳದೆಯೇ ಮರಳೂರಿನ ತನಕ ನಡೆದುಕೊಂಡು ಬಂದರು.

ರಜದಲ್ಲಿ ಮಗಳು ಮನೆಗೆ ಬಂದಾಗ ಅವರು ಅಳಲಿಲ್ಲ, ಬಯ್ಯಲಿಲ್ಲ. ಒಂದೇ ಮಾತು ಕೇಳಿದರು: "ನಿನಗೆ ಓದು ಬರುತ್ತಿತ್ತಲ್ಲ?"

ಈ ಮಾತಿಗೆ ತಾನು ಏನೆಂದು ಉತ್ತರ ಕೊಟ್ಟೆನೆಂಬುದು ಅಜ್ಜಿಯವರಿಗೆ ನೆನಪಿರಲಿಲ್ಲ. ಪ್ರಾಯಶಃ ಏನನ್ನೂ ಹೇಳಿರಲಾರರು. ಅಂದಿನಿಂದ ಮುತ್ತಜ್ಜಿಯವರು ಮಗಳ ಕೈಗೆ ಯಾವ ಕಾಗದವನ್ನೂ ಕೊಡಲಿಲ್ಲ. ಕಂದಾಯದ ರಸೀತಿಯನ್ನು ಕೂಡ ಸಭಾಪಾಲಕರ ಮನೆಗೆ ಒಯ್ದು ಓದಿಸಿದರು. ಓದು ಕಲಿತದ್ದಕ್ಕಾಗಿ ತಾಯಿಯ ನಂಬಿಕೆಯನ್ನು ಸಂಪಾದಿಸಿದ್ದ ಮಗಳು, ಓದಿದ ಬಗೆಯಿಂದಲೇ ಅದನ್ನು ಕಳೆದುಕೊಂಡಳು. ಹೀಗೆ ಒಂದು ತಿಂಗಳು ಕಳೆದ ಮೇಲೆ ಒಂದು ಸಂಜೆ ಅವರು ಮಗಳ ಮುಂದೆ ಬಂದು ಕುಳಿತು, "ನನಗೇ ಕಲಿಸು" ಎಂದರು.

ಸಹೋದರಿಯರೇ, ನಾವು ಇಪ್ಪತ್ತು ವರ್ಷಕ್ಕೂ ಹೆಚ್ಚಾಗಿ ಮಕ್ಕಳಿಗೆ ಪಾಠ ಹೇಳಿದ್ದೇವೆ; ತರಬೇತಿಯಲ್ಲಿ ಬೋಧನೆಯ ಕ್ರಮಗಳನ್ನು ಕಲಿತಿದ್ದೇವೆ. ಆದರೆ ಆ ಪಾಠದಷ್ಟು ಕಷ್ಟದ ಪಾಠ ನಮ್ಮ ಪಾಲಿಗೆ ಬಂದಿಲ್ಲ. ನಲವತ್ತೈದು ದಾಟಿದ, ರಾಗಿ ಬೀಸಿ ಗೂಟದ ಗುರುತು ಬಿದ್ದ ಕೈಗೆ ಬಳಪ ನಿಲ್ಲುತ್ತಿರಲಿಲ್ಲ. ರಜದ ದಿನಗಳಲ್ಲಿ ಮಾತ್ರ ಪಾಠ. ತಾಯಿಯು ಮಗಳ ಮುಖವನ್ನು ನೋಡದೆ ಸ್ಲೇಟನ್ನೇ ನೋಡುತ್ತಿದ್ದರು. ಅ ಆ ಇ ಈ ಮುಗಿದು ಒತ್ತಕ್ಷರಕ್ಕೆ ಬರುವ ಹೊತ್ತಿಗೆ ದೇಶಕ್ಕೆ ಸ್ವಾತಂತ್ರ್ಯ 'ಬಂದಿತ್ತು'. ೧೯೪೮ನೆಯ ಇಸವಿಯ ಬೇಸಿಗೆಯಲ್ಲಿ ಅವರು ಪೆಟ್ಟಿಗೆಯನ್ನು ತೆರೆದು, ಮಗನ ಏಳು ಕಾಗದಗಳನ್ನು ಒಂದೊಂದಾಗಿ, ಅಕ್ಷರಕ್ಕೆ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಲು ಮೊದಲು ಮಾಡಿದರು. ಒಂದು ಕಾಗದಕ್ಕೆ ಒಂದು ವಾರ ಹಿಡಿಯಿತು. ಮಗಳು ಪಕ್ಕದಲ್ಲಿ ಕುಳಿತಿದ್ದರು. ಏಳನೆಯದು ಬರುತ್ತದೆಂದು ಅವರಿಗೆ ಗೊತ್ತಿತ್ತು.

ಏಳನೆಯ ಕಾಗದದಲ್ಲಿ, ಮಳೆಯ ಮಾತಿಗೂ ಕೆರೆಯ ಮಾತಿಗೂ ನಡುವೆ, ಈ ಸಾಲುಗಳಿವೆ: "ಇನ್ನು ಮೇಲೆ ಹಣ ಬರುವುದು ತಡವಾಗಬಹುದು, ಬಾರದೆಯೂ ಇರಬಹುದು. ಬಾರದಿದ್ದರೆ ತಂಗಿಯನ್ನು ಬೋರ್ಡಿಂಗಿನಿಂದ ಬಿಡಿಸಿ ಮನೆಗೆ ಕರೆದುಕೋ, ಅವ್ವಾ. ನೀನೊಬ್ಬಳೇ ಬೀಸಿ ಬೀಸಿ ಸಾಯಬೇಡ."

೧೯೪೨ನೆಯ ಜನವರಿಯ ಆ ಶನಿವಾರ, ಹನ್ನೆರಡು ವರ್ಷದ ಹುಡುಗಿ ಈ ಸಾಲುಗಳನ್ನು ಬಿಟ್ಟು ಓದಿದ್ದಳು. ಆಗ ಅಣ್ಣನು ಬದುಕಿದ್ದನು; ತಾಯಿಯ ದುಃಖವನ್ನು ತಪ್ಪಿಸಬೇಕಾದ ಕಾರಣ ಯಾವುದೂ ಇರಲಿಲ್ಲ. ತನ್ನನ್ನು ಶಾಲೆಯಿಂದ ಬಿಡಿಸಿಯಾರೆಂಬ ಒಂದೇ ಭಯದಿಂದ ಬಿಟ್ಟಿದ್ದಳು. ಹಣವು ನಿಂತಿತು. ಆಮೇಲಿನ ವರ್ಷಗಳಲ್ಲಿ ತಾಯಿಯು ಬೋರ್ಡಿಂಗಿನ ರಾಗಿಯ ಜೊತೆಗೆ ಹೊರಗಿನ ನಾಲ್ಕು ಮನೆಗಳ ರಾಗಿಯನ್ನೂ ಬೀಸಿ ಫೀಜು ಕಟ್ಟಿದ್ದರು. ಹುಡುಗಿ ಅದನ್ನು ನೋಡುತ್ತ ಸುಮ್ಮನಿದ್ದಳು.

ಮುತ್ತಜ್ಜಿಯವರು ಆ ಸಾಲುಗಳನ್ನು ಎರಡು ಸಾರಿ ಓದಿದರಂತೆ. ಬೆರಳನ್ನು ಅದರ ಮೇಲೆಯೇ ಇಟ್ಟುಕೊಂಡು, "ಇದನ್ನೂ ಓದಿರಲಿಲ್ಲ" ಎಂದರು.

"ಇಲ್ಲ, ಅವ್ವಾ."

ಬಹಳ ಹೊತ್ತಿನ ಮೇಲೆ ಕಾಗದವನ್ನು ಮಡಿಸುತ್ತ ಅವರು ಹೇಳಿದ್ದಿಷ್ಟೆ: "ಓದಿದ್ದರೂ ನಾನು ಬಿಡಿಸುತ್ತಿರಲಿಲ್ಲ, ಹುಚ್ಚಿ."

ಈ ಮಾತನ್ನು ಹೇಳುವಾಗ ಅಜ್ಜಿಯವರ ಧ್ವನಿ ನಡುಗುತ್ತಿತ್ತು. ತಾಯಿ ಬಿಡಿಸುತ್ತಿರಲಿಲ್ಲವೆಂಬುದು ಅವರಿಗೆ ಸಮಾಧಾನವಾಗಲಿಲ್ಲ. ಅದೇ ಅವರ ದೊಡ್ಡ ನೋವಾಯಿತು. ನಿಜವನ್ನು ಓದಿದ್ದರೆ ಏನೂ ನಷ್ಟವಾಗುತ್ತಿರಲಿಲ್ಲ. ತಾಯಿಗೆ ತನ್ನ ಮನಸ್ಸಿನಿಂದಲೇ ನಿರ್ಧಾರ ಮಾಡುವ ಗೌರವ ಸಿಕ್ಕುತ್ತಿತ್ತು. ಮಗಳಿಗೆ ಆ ತಾಯಿ ಎಂಥವಳೆಂಬುದು ಆರು ವರ್ಷ ಮುಂಚಿತವಾಗಿ ತಿಳಿಯುತ್ತಿತ್ತು. ಅಣ್ಣನಿಗೆ ತನ್ನ ಕಡೆಯ ಮಾತು ತಾಯಿಯ ಕಿವಿಗೆ ಸಕಾಲದಲ್ಲಿ ಬಿದ್ದಂತಾಗುತ್ತಿತ್ತು.

ಇಷ್ಟನ್ನೂ ಅಜ್ಜಿಯವರು ಎಪ್ಪತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ನಮಗೆ ಹೇಳಿದ್ದು ೨೦೧೧ನೆಯ ಇಸವಿಯಲ್ಲಿ. ಅದಕ್ಕೆ ಕಾರಣ ನಮ್ಮ ತಪ್ಪು. ಆಗ ನಾವು ಬೇರೊಂದು ಊರಿನ ಶಾಲೆಯಲ್ಲಿ ಸಹಾಯಕ ಉಪಾಧ್ಯಾಯಿನಿಯಾಗಿದ್ದೆವು. ಹತ್ತನೆಯ ತರಗತಿಯ ಪರೀಕ್ಷೆ ನಡೆಯುತ್ತಿದ್ದಾಗ ಹಾಸ್ಟೆಲಿನ ಒಬ್ಬ ಹುಡುಗಿಯ ತಂದೆ ತೀರಿಕೊಂಡರು. "ಇನ್ನೆರಡು ಪೇಪರು ಉಳಿದಿವೆ, ಮುಗಿಯುವ ತನಕ ಹೇಳಬೇಡಿ, ಮಗುವಿನ ವರ್ಷ ಹಾಳಾಗುತ್ತದೆ" ಎಂದು ಮನೆಯವರು ಫೋನು ಮಾಡಿದರು. ನಾವು ಒಪ್ಪಿದೆವು. ನಾಲ್ಕು ದಿನ ಆ ಹುಡುಗಿಗೆ ಬೆಳಗ್ಗೆ ಶುಭ ಹೇಳಿ ಪರೀಕ್ಷೆಗೆ ಕಳುಹಿಸಿದೆವು. ಅವಳು ಮನೆಗೆ ಹೋದಾಗ ಮಣ್ಣು ಕೂಡ ಆಗಿಹೋಗಿತ್ತು. ಫಲಿತಾಂಶದಲ್ಲಿ ಮೊದಲನೆಯ ದರ್ಜೆ ಬಂದಿತು. ಅಂಕಪಟ್ಟಿಯನ್ನು ತೆಗೆದುಕೊಳ್ಳಲು ಬಂದವಳು ನಮ್ಮನ್ನು ಕೇಳಿದಳು: "ಮಿಸ್, ನಿಮಗೆ ಗೊತ್ತಿತ್ತಲ್ಲ?"

ಒಳ್ಳೆಯದನ್ನೇ ಮಾಡಿದೆವಲ್ಲ, ಹುಡುಗಿಗೆ ಅಷ್ಟೂ ತಿಳಿಯಬಾರದೆ ಎಂದು ನಾವು ಅಜ್ಜಿಯವರ ಮುಂದೆ ದೂರಿಕೊಂಡೆವು. ಅವರು ಮಾತಾಡದೆ ಎದ್ದುಹೋಗಿ ತಗಡಿನ ಪೆಟ್ಟಿಗೆಯನ್ನು ತಂದು ನಮ್ಮ ಮುಂದಿಟ್ಟರು. ಮರುದಿನವೇ ನಾವು ಆ ಹುಡುಗಿಯ ಊರಿಗೆ ಹೋಗಿ ಅವಳ ಕ್ಷಮೆ ಕೇಳಿದೆವು. ಅವಳು ಕ್ಷಮಿಸಿದಳೆಂದು ಬರೆದರೆ ಅದು ನಾವು ಸೇರಿಸಿದ ಸಾಲಾಗುತ್ತದೆ. ಅವಳು ನಮಗೆ ಕಾಫಿ ಮಾಡಿಕೊಟ್ಟಳು. ತಂದೆಯ ಪಟವನ್ನು ತೋರಿಸಿದಳು.

ಇನ್ನು ಅಣ್ಣನ ಹೆಸರಿನ ಮಾತು. ಸಿಂಗಪುರದಲ್ಲಿ ನೆಲೆಸಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬಳು ೨೦೧೯ರಲ್ಲಿ ನಮ್ಮ ಕೋರಿಕೆಯಂತೆ ಕ್ರಾಂಜಿ ಎಂಬಲ್ಲಿರುವ ಯುದ್ಧಸಮಾಧಿಗೆ ಹೋಗಿಬಂದಳು. ಶವ ದೊರೆಯದೆ, ಗೋರಿಯಿಲ್ಲದೆ ಹೋದ ೨೪,೦೦೦ಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಅಲ್ಲಿ ಸ್ಮಾರಕದ ಕಲ್ಲುಗಳ ಮೇಲೆ ಕೆತ್ತಿದ್ದಾರೆ. ಆ ಸ್ಮಾರಕವನ್ನು ೧೯೫೭ನೆಯ ಮಾರ್ಚ್ ೨ರಂದು ತೆರೆದರು. ಹಿಂದೂ ಸಿಪಾಯಿಗಳೇ ಮೊದಲಾಗಿ ತಮ್ಮ ಧರ್ಮದ ಪ್ರಕಾರ ಅಗ್ನಿಸಂಸ್ಕಾರ ಹೊಂದಿದವರಿಗೆ ಅಲ್ಲಿಯೇ ಬೇರೊಂದು ಸ್ಮಾರಕವುಂಟು. ಅವಳು ಹುಡುಕಿ ಹುಡುಕಿ, ಮೈಸೂರಿನ ಕಾಲ್ದಳದವರ ಹೆಸರುಗಳ ನಡುವೆ ಅಣ್ಣನ ಹೆಸರನ್ನು ಕಂಡು ಪಟ ತೆಗೆದು ಕಳುಹಿಸಿದಳು. ಸಮಾಧಿಗಳ ಆಯೋಗದವರ ದಾಖಲೆಯಲ್ಲಿ ಆತನ ಹೆಸರಿನ ಮುಂದೆ ತಂದೆಯ ಹೆಸರು, ಆಮೇಲೆ "ಮರಳೂರು, ತುಮಕೂರು, ಮೈಸೂರು" ಎಂದಿದೆ. ತಾಯಿಯ ಹೆಸರಿಲ್ಲ. ಹೆಬ್ಬೆಟ್ಟು ಒತ್ತಿದವರ ಹೆಸರು ಯಾವ ಕಲ್ಲಿಗೂ ಏರಲಿಲ್ಲ.

ಗೆದ್ದ ಕಾಳಗಗಳಿಗೆ ನೆನಪು ಹೆಚ್ಚು. ಹೈಫಾದ ರಾವುತರಿಗಾಗಿ ದೆಹಲಿಯಲ್ಲಿ ೧೯೨೨ರಲ್ಲಿ ಮೈಸೂರು, ಜೋಧಪುರ, ಹೈದರಾಬಾದು ಸಂಸ್ಥಾನಗಳ ಗುರುತಾಗಿ ಮೂರು ಪ್ರತಿಮೆಗಳನ್ನು ನಿಲ್ಲಿಸಿದರು. ೨೦೧೮ರಲ್ಲಿ ಆ ಚೌಕಕ್ಕೆ ಹೈಫಾ ಎಂಬ ಹೆಸರನ್ನೂ ಸೇರಿಸಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಆ ರಾವುತರ ಸ್ಮಾರಕ ಉಂಟು. ಸಿಂಗಪುರದ ಕಥೆಯು ಶರಣಾಗತಿಯಲ್ಲಿ ಮುಗಿದದ್ದರಿಂದಲೋ ಏನೋ, ಆ ಕಾಲ್ದಳದವರನ್ನು ನೆನೆಯುವವರು ಕಡಮೆ. ಸಾಲುಗಳನ್ನು ಬಿಟ್ಟು ಓದಿದವರು ನಮ್ಮ ಅಜ್ಜಿಯವರೊಬ್ಬರೇ ಅಲ್ಲ. ೨೦೨೧ನೆಯ ಏಪ್ರಿಲಿನಲ್ಲಿ ಸಮಾಧಿಗಳ ಆಯೋಗದವರೇ ಒಂದು ವರದಿಯನ್ನು ಪ್ರಕಟಿಸಿ, ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಏಷ್ಯ ಮತ್ತು ಆಫ್ರಿಕದವರಲ್ಲಿ ೧,೧೬,೦೦೦ಕ್ಕೆ ಕಡಮೆಯಿಲ್ಲದಷ್ಟು, ಪ್ರಾಯಶಃ ೩,೫೦,೦೦೦ದಷ್ಟು ಮಂದಿಯ ಹೆಸರನ್ನು ಎಲ್ಲಿಯೂ ಬರೆಯದೆ ಬಿಟ್ಟೆವೆಂದು ಒಪ್ಪಿಕೊಂಡು ಕ್ಷಮೆ ಕೇಳಿದರು. ಒಂದು ನೂರು ವರ್ಷದ ಮೇಲಾದರೂ ಬೆರಳಿಟ್ಟು, "ಇದನ್ನೂ ಓದಿರಲಿಲ್ಲ" ಎಂದು ಹೇಳಿದಂತಾಯಿತು.

ಅಣ್ಣನು ಬದುಕಿದ್ದು ಸೆರೆಯಾಗಿದ್ದರೆ ಏನು ಮಾಡುತ್ತಿದ್ದನೆಂದು ನಮ್ಮನ್ನು ಕೇಳಿದವರುಂಟು. ಸೆರೆಯಾದ ನಮ್ಮವರಲ್ಲಿ ಸಾವಿರಾರು ಮಂದಿ ಆಜಾದ್ ಹಿಂದ್ ಫೌಜಿಗೆ ಸೇರಿದರು. ಸೇರದ ಸಾವಿರಾರು ಮಂದಿಯನ್ನು ಜಪಾನೀಯರು ನ್ಯೂಗಿನಿಯ ಮೊದಲಾದ ದ್ವೀಪಗಳಿಗೆ ಸಾಗಿಸಿ ದುಡಿಸಿದರು, ಅನೇಕರು ಅಲ್ಲಿಯೇ ಸತ್ತರು. ನಮ್ಮವನು ಆ ಆಯ್ಕೆಯ ದಿನದ ತನಕ ಬದುಕಲಿಲ್ಲ. ಆತನ ಪರವಾಗಿ ನಾವು ಆಯ್ಕೆ ಮಾಡುವುದು ಸರಿಯಲ್ಲ. ಆತನು ಮಾಡಿದ ಆಯ್ಕೆ ಒಂದೇ. ಅದು ಮನಿಯಾರ್ಡರಿನ ಕೂಪನ್ನಿನ ಮೇಲಿದೆ. ಆ ಐದು ರೂಪಾಯಿಯಿಂದ ನಮ್ಮ ಅಜ್ಜಿಯವರು ಓದಿದರು. ಮೂವತ್ತೈದು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದರು. ಅವರಿಂದ ನಮ್ಮ ತಾಯಿ, ತಾಯಿಯಿಂದ ನಾವು ಓದಿದೆವು. ಈ ಮೇಜಿನ ಮುಂದೆ ಕುಳಿತು ನಾವು ರುಜು ಹಾಕುವ ಪ್ರತಿಯೊಂದು ವರ್ಗಾವಣೆ ಪತ್ರದ ಹಿಂದೆಯೂ ಒಬ್ಬ ಸಿಪಾಯಿಯ ಸಂಬಳವಿದೆ, ಒಬ್ಬ ತಾಯಿಯ ಬೀಸುವ ಕಲ್ಲಿದೆ.

ಪೋಷಕರಲ್ಲಿ ಒಂದು ಬಿನ್ನಹ. ಮಕ್ಕಳಿಗೆ ನೋವಾದೀತೆಂದು ಮನೆಯ ದುಃಖವನ್ನು ಅವರಿಂದ ಮುಚ್ಚಿಡಬೇಕೆಂದು ನಮ್ಮನ್ನು ಕೇಳಬೇಡಿರಿ. ಈ ಪಾಠಶಾಲೆಯಲ್ಲಿ ನಾವು ಅದನ್ನು ಮಾಡುವುದಿಲ್ಲ. ಹತ್ತಿರ ಕೂರಿಸಿಕೊಂಡು, ಕೈ ಹಿಡಿದುಕೊಂಡು, ನಿಜವನ್ನೇ ಹೇಳುತ್ತೇವೆ. ಪರೀಕ್ಷೆಯು ಮತ್ತೊಂದು ಸಾರಿ ಬರುತ್ತದೆ. ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮ ಮನೆಗಳಲ್ಲಿ ಹಳೆಯ ಕಾಗದಗಳಿದ್ದರೆ ಓದಿಸಿಕೊಳ್ಳಲು ಕಾದಿರುವ ಮುದುಕರೂ ಇದ್ದಾರು. ಅವರ ಪಕ್ಕದಲ್ಲಿ ಕುಳಿತು ಬಿಡದೆ ಓದಿರಿ, ಸೇರಿಸದೆ ಓದಿರಿ. ಅವರಿಗೆ ಕಲಿಯುವ ಮನಸ್ಸಿದ್ದರೆ ಕಲಿಸಿರಿ.

ನಮ್ಮ ಹತ್ತನೆಯ ತರಗತಿಯ ಹುಡುಗಿಯರಿಗೆ ಫೆಬ್ರವರಿಯ ನಡುವಿನಲ್ಲಿ ಒಂದು ದಿನ ಆ ಏಳನೆಯ ಕಾಗದವನ್ನು ಓದಿಸುತ್ತೇವೆ. ಯಾರಾದರೂ ಒಬ್ಬ ಹುಡುಗಿ ನಿಂತು ಗಟ್ಟಿಯಾಗಿ ಓದುತ್ತಾಳೆ, ಉಳಿದವರು ಕೇಳುತ್ತಾರೆ. ಮಳೆಯ ಮಾತು ಬರುತ್ತದೆ. ಹಣ ಬಾರದಿದ್ದರೆ ತಂಗಿಯನ್ನು ಬಿಡಿಸು ಎಂಬ ಮಾತು ಬರುತ್ತದೆ. ಕೆರೆ ಕೋಡಿ ಬಿದ್ದಿತೆ ಎಂಬ ಪ್ರಶ್ನೆ ಬರುತ್ತದೆ. ಹೋದ ವರ್ಷ ಓದಿದ ಹುಡುಗಿ ಕಾಗದವನ್ನು ಮಡಿಸಿ ಕೊಡುತ್ತ, "ಮಿಸ್, ಆ ವರ್ಷ ಕೆರೆ ಕೋಡಿ ಬಿದ್ದಿತ್ತೆ?" ಎಂದು ಕೇಳಿದಳು. ಆತನಿಗೆ ಯಾರಾದರೂ ಅದಕ್ಕೆ ಉತ್ತರ ಬರೆದಿದ್ದರೋ ಇಲ್ಲವೋ ಎಂದು ಅಜ್ಜಿಯವರನ್ನು ನಾವು ಕೇಳಿಟ್ಟುಕೊಳ್ಳಲಿಲ್ಲ.

ಮರಳೂರು, ತುಮಕೂರು
ಮುಖ್ಯೋಪಾಧ್ಯಾಯಿನಿ